ನಾಲ್ಕನೆಯ ಫರಸಿ

೧೯೭೫ರ ಮೇ ೧೬, ಶುಕ್ರವಾರ, ಮಧ್ಯಾಹ್ನ ಒಂದು ಗಂಟೆ ಐವತ್ತು ನಿಮಿಷ. ನಮಾಜು ಮುಗಿಸಿ ಬಂದ ಮೆಣಸಿನಕಾಯಿ ಚಾಚಾ ಮಾರ್ಕೆಟ್ಟಿನ ಬಾಗಿಲಲ್ಲೇ ನಿಂತು ಎಡಗಿವಿಯನ್ನು ಛಾವಣಿಯತ್ತ ಹಿಡಿದರು. ಬಲಗಿವಿಯನ್ನು ಹರೆಯದಲ್ಲೇ ಕಲ್ಲಿನ ಖಣಿಯ ಮದ್ದಿನ ಸದ್ದು ತಿಂದುಹಾಕಿತ್ತು.

ವಾಡಿಯ ನಮ್ಮ ಕಾಯಿಪಲ್ಯ ಮಾರ್ಕೆಟ್ಟಿಗೆ ಶುಕ್ರವಾರ ರಜೆ. ಅಂದು ಕಟ್ಟೆಗಳನ್ನು ತೊಳೆದು ಮದುವೆ, ಸಭೆ, ಕವ್ವಾಲಿ ಎಲ್ಲವನ್ನೂ ಅಲ್ಲೇ ನಡೆಸುತ್ತಿದ್ದರು. ಛಾವಣಿ ಫರಸಿ ಕಲ್ಲಿನದು. ನಡುಸಾಲಿನಲ್ಲಿ ಹದಿನಾಲ್ಕು ಚಪ್ಪಡಿ. ಪ್ರತಿ ಕಾರ್ಯದ ಹಿಂದಿನ ಸಂಜೆ ಚಾಚಾ ಉದ್ದನೆಯ ಬಿದಿರಿನಿಂದ ಒಂದೊಂದನ್ನೂ ಬಡಿದು ಕಿವಿಗೊಡುತ್ತಿದ್ದರು. ಗಟ್ಟಿ ಕಲ್ಲು ಗಂಟೆಯಂತೆ ನುಡಿಯುತ್ತಿತ್ತು. ಒಡಕು ಕಲ್ಲು ದಬ್ಬೆನ್ನುತ್ತಿತ್ತು. ಅವರನ್ನು ಯಾರೂ ನೇಮಿಸಿರಲಿಲ್ಲ. ತಕ್ಕಡಿ ಹಿಡಿದಾಗಲೂ ಮಾತು ಕಡಿಮೆ. ಕೆಮ್ಮುವ ಗಿರಾಕಿಗೆ ಮಾತ್ರ, "ಅಸಲಿ ಮಾಲ್ ಅದ, ಅದಕ್ಕ ಕೆಮ್ಮಸ್ತದ" ಎಂದು ನಗುತ್ತಿದ್ದರು.

ಅಂದು ನನ್ನ ಅಕ್ಕನ ಮದುವೆ. ನನಗೆ ಹತ್ತೊಂಬತ್ತು. ಎಲ್ಲವನ್ನೂ ಎಣಿಸಿ ದಿನಚರಿಯಲ್ಲಿ ಬರೆಯುವವಳೆಂದು ಹಿಂದಿನ ಸಂಜೆ ಬಡಿದು ಮುಗಿಸಿ ಹೊರಬಂದ ಚಾಚಾ ನನ್ನನ್ನೇ ಕರೆದಿದ್ದರು.

"ನಾಲ್ಕನೇದು ಒಳಗ ಒಡದದ ಬೇಟಿ. ಅದರ ಕೆಳಗ ಎಲಿ ಹಾಕಬ್ಯಾಡ್ರಿ. ಬರ್ಕೊ."

ಬರೆದುಕೊಂಡೆ. ಬೆಳಿಗ್ಗೆ ಸ್ಟೇಷನ್ ರಸ್ತೆಯ ಬಾಗಿಲಿನಿಂದ ನಾಲ್ಕು ಎಣಿಸಿ ಕಂಬಕ್ಕೆ ಸುಣ್ಣ ಹಚ್ಚಿ, ಅಲ್ಲಿ ಯಾರೂ ಕೂರದಂತೆ ಹಗ್ಗ ಕಟ್ಟಿದೆ. ಚಾಚಾ ಎಣಿಸಿದ್ದು ಎದುರು ತುದಿಯ ನೀರಿನ ನಳದ ಕಡೆಯಿಂದ. ಮಾರ್ಕೆಟ್ಟಿನವರೆಲ್ಲರಿಗೂ ನಳದ ಕಡೆಯೇ ಮೊದಲು, ಬೆಳಗಿನ ಮಾಲು ಇಳಿಯುವುದು ಅಲ್ಲೇ. ಅದು ನನಗೆ ತಿಳಿದಿರಲಿಲ್ಲ.

ಬಾಗಿಲಲ್ಲಿ ಚಾಚಾ ಹಗ್ಗವನ್ನು ನೋಡಿದರು, ಆಮೇಲೆ ಪಂಕ್ತಿಯನ್ನು, ಆಮೇಲೆ ನನ್ನನ್ನು. ನನಗೆ ಅರ್ಥವಾಯಿತು. ನಿಜವಾದ ನಾಲ್ಕನೆಯ ಚಪ್ಪಡಿಯ ಕೆಳಗೆ ಎಂಟು ಎಲೆ. ನಡುವೆ ಅಕ್ಕ, ಭಾವ. ಎರಡು ಗಂಟೆಗೆ ಖಣಿಯಲ್ಲಿ ಮದ್ದು ಹಾರಿಸುತ್ತಾರೆ, ಆಗ ಮಾರ್ಕೆಟ್ಟಿನ ಛಾವಣಿಯೂ ನಡುಗುತ್ತದೆ. ಅದಕ್ಕೆ ಐದು ನಿಮಿಷ ಮೊದಲು ಸೈರನ್. ನಾನು ಪಂಕ್ತಿಯ ಸಂದಿಯಲ್ಲಿ ಅಕ್ಕನ ಕಡೆಗೆ ನುಗ್ಗಿದೆ.

ಚಾಚಾ ಪಂಕ್ತಿಯ ಹತ್ತಿರ ಹೋಗಿ ಕಲ್ಲು ತೋರಿಸಿ ಏಳಲು ಬೇಡಿಕೊಂಡರು. ಯಾರೂ ಏಳಲಿಲ್ಲ. ಭಾವನ ಸೋದರಮಾವ ನಕ್ಕರು: "ಮೊದಲನೇ ಪಂಕ್ತಿಗೆ ಕರೀಲಿಲ್ಲಂತ ಸಿಟ್ಟೇನ್ ಚಾಚಾ? ಕುಂದ್ರು ಬಾ, ನಿನಗೂ ಎಲಿ ಹಾಕಸ್ತೀನಿ."

ಸೈರನ್ ಕೂಗಿತು. ಮಾತು ಯಾರಿಗೂ ಕೇಳದಾಯಿತು. ಚಾಚಾ ಮೂಲೆಯಲ್ಲಿದ್ದ ತಮ್ಮ ಖಾರದಪುಡಿಯ ಚೀಲವನ್ನು ಎಳೆತಂದು, ಬಾಯಿ ಬಿಚ್ಚಿ, ಪಂಕ್ತಿಯ ಉದ್ದಕ್ಕೂ ಕೊಡವಿದರು. ಕೆಮ್ಮುತ್ತ, ಬೈಯುತ್ತ, ಕಣ್ಣು ಮುಚ್ಚಿಕೊಂಡು ಎಲ್ಲರೂ ಹೊರಗೆ ಓಡಿದರು. ಅಕ್ಕನನ್ನು ನಾನೇ ಎಳೆದೊಯ್ದೆ. ಒಬ್ಬರು ಚಾಚಾರ ಅಂಗಿಯ ಕಾಲರ್ ಹಿಡಿದರು. ಅಷ್ಟರಲ್ಲಿ ಮದ್ದು ಹಾರಿತು. ಒಳಗೆ ಚಪ್ಪಡಿ ಬಿತ್ತು, ಎಂಟು ಎಲೆಗಳ ಮೇಲೆ.

ಕಾಲರ್ ಬಿಟ್ಟವರೇ ಕೇಳಿದರು: "ನಿನ್ನೆ ಬಡದು ನೋಡಿದವ ನೀನೇ. ಹಗ್ಗ ಅಲ್ಯಾಕ ಕಟ್ಟಿಸಿದಿ?"

ನಾನು ಬಾಯಿ ತೆರೆದೆ. ಚಾಚಾ ನನ್ನ ಕಡೆ ನೋಡದೆ ಹೇಳಿದರು: "ವಯಸ್ಸಾತ್ರಿ. ಎಣಸೂದು ತಪ್ಪೀನಿ."

ನಾನು ಬಾಯಿ ಮುಚ್ಚಿದೆ. ಅಂದಿನ ಪುಟದಲ್ಲಿ ಗಂಟೆ, ನಿಮಿಷ, ಎಲೆಗಳ ಸಂಖ್ಯೆ ಎಲ್ಲವೂ ಇದೆ. ತಪ್ಪು ಯಾರದೆಂದು ಇಲ್ಲ. ಮುಂದೆ ಯಾವ ಕಾರ್ಯಕ್ಕೂ ಕಲ್ಲು ಬಡಿಯಲು ಅವರನ್ನು ಬಿಡಲಿಲ್ಲ. ಬಿದಿರು ಅಂಗಡಿಯ ಮೂಲೆಯಲ್ಲೇ ನಿಂತಿತ್ತು. ಎರಡು ವರ್ಷದ ನಂತರ ಅವರು ತೀರಿಕೊಂಡರು.

ಅವರ ಮಗಳು ಚಿತ್ತಾಪುರದ ಕಡೆ ಇದ್ದಾಳೆಂದು ಕೇಳಿದ್ದೇನೆ. ಬಲ್ಲವರು ದಯವಿಟ್ಟು ನನಗೊಂದು ಕಾಗದ ಬರೆಯಿರಿ. ಎಣಿಕೆ ತಪ್ಪಿದ್ದು ಆಕೆಯ ತಂದೆಯಲ್ಲ, ನಾನು. ಅದನ್ನು ಅವಳೆದುರು ಕುಳಿತು ಹೇಳಬೇಕು.