ಓಟಕ್ಕೆ ಮುಂಚಿನ ಬಹುಮಾನ

ಶಿರಸಿಯ ಸಂಘವೊಂದು ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಹೈಸ್ಕೂಲು ಮಕ್ಕಳಿಗಾಗಿ ರೋಬೋಟ್ ಸ್ಪರ್ಧೆ ಏರ್ಪಡಿಸಿದಾಗ ತೀರ್ಪುಗಾರರಲ್ಲಿ ಒಬ್ಬಳಾಗಿ ನನ್ನನ್ನೂ ಕರೆಯಿತು. ಯಂತ್ರಗಳ ಬಗ್ಗೆ ನನಗಿರುವ ತಿಳಿವಳಿಕೆ ಕೆಟ್ಟ ಮಿಕ್ಸರನ್ನು ಪಕ್ಕದಿಂದ ತಟ್ಟಿ ನೋಡುವಷ್ಟರದ್ದು. ವಿಶ್ವವಿದ್ಯಾಲಯದಲ್ಲಿ ಓದಿದ್ದು ಸಾಹಿತ್ಯ. ಬರೆಯುವುದು ಊರಿನ ಪತ್ರಿಕೆಗೆ. ಬರೆದದ್ದರಲ್ಲಿ ಹೆಚ್ಚಿನ ಪಾಲು ಇಂಥ ಸಂಘಗಳ ಮೇಲಿನ ದೂರು. ಕರೆದ ಕಾರಣವನ್ನು ಸಂಘದ ಕಾರ್ಯದರ್ಶಿಗಳು ಫೋನಿನಲ್ಲಿ ಬಹಳ ಸಭ್ಯವಾಗಿ ಹೇಳಿದರು: "ಮಕ್ಕಳು ಹೇಗೆ ವಿವರಿಸ್ತಾರೆ ಅಂತ ನೋಡೋಕೆ ಭಾಷೆ ಬಲ್ಲವರೊಬ್ಬರು ಬೇಕು, ಮೇಡಂ." ಹೇಳದ ಕಾರಣವೂ ನನಗೆ ತಿಳಿದೇ ಇತ್ತು. ಹೊರಗೆ ನಿಂತು ಕೂಗುವವರನ್ನು ಒಳಗೆ ಕರೆದು ಕುರ್ಚಿ ಕೊಟ್ಟು, ಮುಂದೊಂದು ತಟ್ಟೆ ಗೋಡಂಬಿ ಇಟ್ಟರೆ ಕೂಗು ತಾನಾಗಿ ನಿಲ್ಲುತ್ತದೆ ಎಂಬುದು ನಮ್ಮ ಸೀಮೆಯ ಸಂಘಗಳೆಲ್ಲ ಅನುಭವದಿಂದ ಕಂಡುಕೊಂಡ ಸತ್ಯ. ನಾನು ಒಪ್ಪಿಕೊಂಡೆ. ಗೋಡಂಬಿ ತಿಂದೂ ಕೂಗಬಹುದೆಂದು ತೋರಿಸುವ ಆಸೆ ನನಗೂ ಇತ್ತು.

ರಾಜ್ಯ ಮಟ್ಟದಿಂದ ಬಂದಿದ್ದ ನಿಯಮಗಳು ಸರಳವಾಗಿದ್ದವು. ಯಂತ್ರದ ರಚನೆಗೂ ಅದನ್ನು ವಿವರಿಸುವ ಬಗೆಗೂ ಸೇರಿ ಅರ್ಧ ಅಂಕ, ಉಳಿದರ್ಧ ಓಟಕ್ಕೆ. ಓಟವೆಂದರೆ ಓರೆಯಾಗಿ ನಿಲ್ಲಿಸಿದ ಒಂದು ಉದ್ದನೆಯ ಹಲಗೆ. ಯಂತ್ರ ತನ್ನ ಹೊರೆಯ ಸಮೇತ ಅದನ್ನು ಹತ್ತಬೇಕು, ನಡುವಿನ ಕೆಂಪು ಗೆರೆಯ ಮೇಲೆ ಗಂಟೆ ಬಾರಿಸುವವರೆಗೆ ನಿಲ್ಲಬೇಕು, ಆಮೇಲೆ ಮತ್ತೆ ಹೊರಟು ತುದಿ ಮುಟ್ಟಬೇಕು. ಗೆದ್ದ ಒಂದೇ ಒಂದು ತಂಡಕ್ಕೆ ರಾಜ್ಯ ಮಟ್ಟದಲ್ಲಿ ಜಾಗ. ಅಲ್ಲಿಗೆ ಹೋದ ಮಕ್ಕಳು ಎಂಜಿನಿಯರುಗಳ ಜೊತೆ ಕುಳಿತು ತಮ್ಮ ಯಂತ್ರವನ್ನು ನಿಜವಾದ ಅಳತೆಯಲ್ಲಿ ಕಟ್ಟಬಹುದು.

ತೀರ್ಪುಗಾರರು ಮೂವರು. ಮುಖ್ಯ ತೀರ್ಪುಗಾರರು ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಹಿರಿಯ ಮಾಸ್ತರರು. ಶಿರಸಿಯಲ್ಲಿ ಅವರ ಶಿಷ್ಯರಿಲ್ಲದ ಕಚೇರಿಯಿಲ್ಲ. ಎರಡನೆಯವರು ಹಾವೇರಿ ಕಡೆಯಿಂದ ಬಂದ ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕರು. ಇಡೀ ದಿನ ಅವರ ಒಂದು ಕಣ್ಣು ಯಂತ್ರಗಳ ಮೇಲಿದ್ದರೆ ಇನ್ನೊಂದು ವಾಪಸು ಹೋಗುವ ಬಸ್ಸಿನ ಮೇಲಿತ್ತು. ಮೂರನೆಯವಳು ನಾನು.

ಬೆಳಿಗ್ಗೆ ಸಭಾಂಗಣದಲ್ಲಿ ಮೇಜಿನಿಂದ ಮೇಜಿಗೆ ಹೋದೆವು. ಸಿದ್ದಾಪುರ ತಾಲೂಕಿನ ಬಿಳಗಿ ಕಡೆಯ ಹುಡುಗರು ಮಂಗ ಓಡಿಸುವ ಯಂತ್ರ ತಂದಿದ್ದರು. ಅದು ನಾಯಿಯಂತೆ ಬೊಗಳಿತು. ಕಾಂಪೌಂಡಿನ ನಾಯಿಗಳೆಲ್ಲ ಬಂದು ಬಾಗಿಲಲ್ಲಿ ನಿಂತು ಅದಕ್ಕೆ ಉತ್ತರ ಕೊಟ್ಟವು. ಸ್ಪರ್ಧೆಯಲ್ಲಿ ಯಾವುದೇ ಒತ್ತಡಕ್ಕೆ ಒಳಗಾಗದೆ ಅಭಿಪ್ರಾಯ ಹೇಳಿದವರು ಆ ದಿನ ಅವೇ.

ಶಿರಸಿಯ ಒಂದು ಖಾಸಗಿ ಶಾಲೆಯ ತಂಡ ಒಂದೇ ಬಣ್ಣದ ಕೋಟು ತೊಟ್ಟು ನಿಂತಿತ್ತು. ಯಂತ್ರ ಔಷಧಿ ಸಿಂಪಡಿಸುವುದು. ನುಣುಪಾದ ದೇಹ, ಮೇಲೊಂದು ನೀರಿನ ತೊಟ್ಟಿ. ತೊಟ್ಟಿ ಖಾಲಿ. "ನಮ್ಮ ಈ ಆವಿಷ್ಕಾರವು ಕೃಷಿಕರ ಬದುಕಿನಲ್ಲಿ ಕ್ರಾಂತಿಯನ್ನು ಉಂಟುಮಾಡಲಿದೆ" ಎಂದು ನಾಲ್ಕೂ ಮಕ್ಕಳು ಸರದಿಯಂತೆ, ಒಬ್ಬರ ಮಾತಿನ ಬಾಲವನ್ನು ಇನ್ನೊಬ್ಬರು ಹಿಡಿದು ಒಪ್ಪಿಸಿದರು. ಮೊದಲ ಸಲ ಕಟ್ಟಿದಾಗ ಯಾವುದು ಕೆಟ್ಟಿತು, ಹೇಗೆ ಸರಿಮಾಡಿದಿರಿ ಎಂದು ಕೇಳಿದೆ. ನಾಲ್ವರೂ ಹಿಂದೆ ನಿಂತಿದ್ದ ತರಬೇತುದಾರರ ಮುಖ ನೋಡಿದರು. ಆತ ನಕ್ಕು, "ಕೆಡಲೇ ಇಲ್ಲ, ಮೇಡಂ. ಕಿಟ್ ಅಷ್ಟು ಚೆನ್ನಾಗಿದೆ" ಎಂದರು. ಮಕ್ಕಳನ್ನು ನಾನು ದೂರುವುದಿಲ್ಲ. ಕೆಡಿಸುವ ಅವಕಾಶವನ್ನೇ ಕೊಡದೆ ಮಕ್ಕಳನ್ನು ವಿಜ್ಞಾನಿಗಳೆಂದು ಕರೆಯುವ ದೊಡ್ಡವರನ್ನು ದೂರುತ್ತೇನೆ.

ಕೊನೆಯ ಮೇಜಿನಲ್ಲಿ ಯಲ್ಲಾಪುರದ ಸರಕಾರಿ ಶಾಲೆಯ ಹುಡುಗಿಯೊಬ್ಬಳು ಹಲಗೆಯ ಚೂರುಗಳಿಂದ ಮಾಡಿದ ಪುಟ್ಟ ಲಾರಿಯ ಪಕ್ಕ ನಿಂತಿದ್ದಳು. ಲಾರಿಯ ಹಿಂದಿನ ಗಾಲಿಯ ಬಳಿ ಒಂದು ಮರದ ತುಂಡು ಕೀಲಿನಲ್ಲಿ ತೂಗುತ್ತಿತ್ತು. ವಿವರಿಸು ಎಂದರೆ ಕೈಗೊಂದು ಕಲ್ಲು ಎತ್ತಿಕೊಂಡಳು.

"ನಮ್ಮ ಅಬ್ಬಾ ಲಾರಿ ಓಡಿಸ್ತಾರೆ, ಮೇಡಂ. ಘಟ್ಟದಲ್ಲಿ ಗಾಡಿ ನಿಂತ್ರೆ ಕ್ಲೀನರ್ ಹಾರಿ ಇಳಿದು ಗಾಲಿ ಹಿಂದೆ ಕಲ್ಲು ಕೊಡ್ಬೇಕು. ಹೋದ ಮಳೆಗಾಲ ಕಲ್ಲು ಕೊಡೋಕೆ ಹೋಗಿ ನಮ್ಮ ಕ್ಲೀನರಣ್ಣಂದು ಬೆರಳು ಹೋಯ್ತು." ಕಲ್ಲನ್ನು ಕೆಳಗಿಟ್ಟು ಮರದ ತುಂಡನ್ನು ಮುಟ್ಟಿದಳು. "ಇದು ತಾನೇ ಬೀಳ್ತದೆ. ಗಾಲಿ ಸ್ವಲ್ಪ ಹಿಂದೆ ತಿರುಗಿದ್ರೂ ಸೆನ್ಸರಿಗೆ ಗೊತ್ತಾಗ್ತದೆ. ಯಾರೂ ಇಳಿಯೋದು ಬೇಡ."

"ಮೊದಲು ಮಾಡಿದಾಗ ಏನು ಕೆಟ್ಟಿತು?"

"ಏನು ಕೆಟ್ಟಿಲ್ಲ ಅಂತ ಕೇಳಿ, ಮೇಡಂ" ಎಂದು ನಕ್ಕಳು. "ಒಂದ್ಸಲ ಮುಂದೆ ಹೋಗುವಾಗಲೇ ಬಿತ್ತು. ಗಾಡಿ ನಮಾಜಿಗೆ ಬಗ್ಗಿದ ಹಾಗೆ ಬಗ್ಗಿತು."

ಅವಳು ಹತ್ತನೇ ತರಗತಿ. ಸ್ಪರ್ಧೆ ಹೈಸ್ಕೂಲಿನವರಿಗೆ ಮಾತ್ರ. ಮುಂದಿನ ವರ್ಷ ಅವಳಿಗೆ ಇಲ್ಲಿ ಜಾಗವಿಲ್ಲ. ರಾಜ್ಯ ಮಟ್ಟಕ್ಕೆ ಹೋದರೆ ಆ ಮರದ ತುಂಡು ಒಂದು ನಿಜವಾದ ಲಾರಿಯ ಕೆಳಗೆ ಬೀಳುವ ಸಾಧ್ಯತೆ ಇತ್ತು. ಹೋಗದಿದ್ದರೆ ಅದು ಮನೆಯ ಕಪಾಟಿನ ಮೇಲಿನ ಆಟಿಕೆ. ಇದನ್ನು ಅವಳೇ, ಯಾವ ನಾಟಕವೂ ಇಲ್ಲದೆ, ಹೇಳಿದಳು.

ಓಟ ಊಟದ ನಂತರ ಎಂದಿತ್ತು. ಊಟದ ಪಂಕ್ತಿ ಏಳುವ ಮೊದಲೇ ಕಾರ್ಯದರ್ಶಿಗಳು ತೀರ್ಪುಗಾರರ ಕೋಣೆಗೆ ಓಡಿ ಬಂದರು. ಮುಖ್ಯ ಅತಿಥಿಗಳು ಆಗಲೇ ಬಂದಿದ್ದಾರೆ; ಯಲ್ಲಾಪುರದಲ್ಲಿ ಒಂದು ಕಟ್ಟಡದ ಉದ್ಘಾಟನೆಯೂ ಅವರದೇ; ಆದ್ದರಿಂದ ಸಮಾರೋಪ ಮೊದಲು, ಓಟ ಆಮೇಲೆ.

"ಸಮಾರೋಪದಲ್ಲಿ ಬಹುಮಾನ ಕೊಡುವುದಲ್ಲವೆ?" ಎಂದೆ.

"ಮತ್ತೆ? ಅದಕ್ಕೇ ಬಂದದ್ದಲ್ವಾ ಅವರು."

"ಓಟವೇ ಆಗಿಲ್ಲ."

"ಮೇಡಂ, ಗೆಸ್ಟ್ ಹೊರಟುಹೋಗ್ತಾರೆ. ರೋಬೋಟ್ ಎಲ್ಲಿಗೂ ಹೋಗಲ್ಲ." ವಾದವಾಗಿ ಇದು ಪರಿಪೂರ್ಣವಾಗಿತ್ತು. ತಿದ್ದಲು ಒಂದು ಅಕ್ಷರವೂ ಇರಲಿಲ್ಲ.

ನಮ್ಮ ಕಡೆ ಅತಿಥಿಯನ್ನು ಕಾಯಿಸುವುದು ಮಹಾಪಾಪ. ಮಕ್ಕಳನ್ನು ಕಾಯಿಸುವುದು ಶಿಸ್ತು. ಹಾಗಾಗಿ ಓಟದ ಅಂಕಗಳ ಗತಿ ಏನು ಎಂಬುದಷ್ಟೇ ಉಳಿದ ಪ್ರಶ್ನೆಯಾಯಿತು. ಮಾಸ್ತರರು ಅದನ್ನು ಕನ್ನಡಕ ಒರೆಸುತ್ತಲೇ, ತಮ್ಮ ಹವ್ಯಕ ಮಾತಿನಲ್ಲಿ, ಬಗೆಹರಿಸಿದರು.

"ಅಂದಾಜಲ್ಲಿ ಹಾಕಿರೆ ಆತು. ಯಾವ ಗಾಡಿ ಹತ್ತತು, ಯಾವುದು ಹತ್ತತಿಲ್ಲೆ ಹೇಳದು ನೋಡಿರೇ ಗೊತ್ತಾಗ್ತು, ತಂಗಿ. ಆನು ಇಷ್ಟು ವರ್ಷ ಎಂತ ಕಲಿಸಿದ್ದು ಮತ್ತೆ?"

ಹೀಗೆ, ನ್ಯೂಟನ್ನನ ನಿಯಮಗಳನ್ನು ತಲೆಮಾರುಗಳಿಗೆ ಪ್ರಯೋಗ ಮಾಡಿಸಿ ಕಲಿಸಿದವರು, ಓಡದ ಗಾಡಿಗಳಿಗೆ ಓಡಿದ ಅಂಕ ಕೊಡಲು ಪೆನ್ನು ತೆರೆದರು. ನುಣುಪು ಯಂತ್ರಕ್ಕೆ ಎಲ್ಲರಿಗಿಂತ ಹೆಚ್ಚು. ಮರದ ಲಾರಿಗೆ ಎಲ್ಲರಿಗಿಂತ ಕಡಿಮೆ: "ಮರ ಭಾರ. ಅರ್ಧಕ್ಕೂ ಹೋಗ್ತಿಲ್ಲೆ ಅದು."

ಅವರು ಮನೆಮಾತಿನಲ್ಲಿ ಹೇಳಿದ್ದಕ್ಕೆ ನಾನು ಗ್ರಂಥದ ಕನ್ನಡದಲ್ಲಿ ಉತ್ತರಿಸಿದೆ. ಸಿಟ್ಟು ಬಂದಾಗ ನನ್ನ ಭಾಷೆ ಇಸ್ತ್ರಿ ಹಾಕಿಕೊಂಡು ಹೊರಬರುತ್ತದೆ. "ನೋಡದ ಓಟಕ್ಕೆ ಅಂಕ ನೀಡುವುದು ತೀರ್ಪಲ್ಲ, ಭವಿಷ್ಯ. ಅದಕ್ಕೆ ಭೌತಶಾಸ್ತ್ರ ಬೇಡ, ಕವಡೆ ಸಾಕು."

ಮಾಸ್ತರರು ನಕ್ಕರು. ಉಪನ್ಯಾಸಕರು ಫೋನಿನಿಂದ ತಲೆಯೆತ್ತದೆ, "ಹಿರಿಯರು ಹೆಂಗ ಅಂತಾರ ಹಂಗ ರೀ" ಎಂದು ಅವರ ಅಂಕಗಳನ್ನೇ ನಕಲು ಮಾಡಿದರು. ಕಾರ್ಯದರ್ಶಿಗಳು ನನ್ನ ಕಡೆ ಬಾಗಿ, "ಮೇಡಂ, ನೀವು ಭಾಷೆ ನೋಡೋಕೆ ಬಂದವರು. ಓಟ ನಿಮ್ಮದಲ್ಲ" ಎಂದು ಗೋಡಂಬಿಯ ತಟ್ಟೆಯನ್ನು ಹತ್ತಿರ ಸರಿಸಿದರು. ನನ್ನ ಅಂಕಪಟ್ಟಿಯಲ್ಲಿ ಓಟದ ಜಾಗವನ್ನು ನಾನು ಖಾಲಿ ಬಿಟ್ಟೆ. ಖಾಲಿ ಜಾಗವನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿ ಅಲ್ಲಿರಲಿಲ್ಲ. ಅದಿಲ್ಲದೆಯೇ ಮೊತ್ತ ಕೂಡಿತು.

ಆಮೇಲೆ ಹಂಚಿಕೆ. ನಮ್ಮಲ್ಲಿ ಬಹುಮಾನವೆಂದರೆ ಊಟದ ಪಂಕ್ತಿ; ಯಾರ ಬಾಳೆಲೆಯೂ ಖಾಲಿ ಇರಬಾರದು. ಶಿರಸಿಗೆ ಪ್ರಥಮ ಬಂದಿತ್ತು, ಸರಿ. ಸಿದ್ದಾಪುರಕ್ಕೆ ಏನಾದರೂ ಬಡಿಸಬೇಕಲ್ಲ? ಮಂಗ ಓಡಿಸುವವರಿಗೆ 'ಉತ್ತಮ ವಿವರಣೆ'. ವಿವರಿಸಿದ್ದೆಲ್ಲ ನಾಯಿಗಳೇ ಎಂಬುದನ್ನು ನಾನು ನೆನಪಿಸಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಯಲ್ಲಾಪುರಕ್ಕೆ 'ಪ್ರೋತ್ಸಾಹಕ'. ಎಂದರೆ, ಊಟ ಮುಗಿದಿದೆ, ಮಜ್ಜಿಗೆ ಕುಡಿದು ಏಳಬಹುದು.

ಸಮಾರೋಪ ಸಾಂಗವಾಗಿ ನಡೆಯಿತು. ಶಾಲು, ಹಣ್ಣಿನ ಬುಟ್ಟಿ, ಇನ್ನೊಂದು ಶಾಲು. ಮುಖ್ಯ ಅತಿಥಿಗಳು ರೋಬೋಟುಗಳನ್ನು ವೇದಿಕೆಯ ಮೇಲಿನಿಂದಲೇ ವೀಕ್ಷಿಸಿ, ಇಂದಿನ ಮಕ್ಕಳು ನಾಳೆ ಚಂದ್ರನಿಗೆ ಹೋಗುತ್ತಾರೆಂದು ಭರವಸೆ ಕೊಟ್ಟರು. ಇವತ್ತು ಮಧ್ಯಾಹ್ನ ಹಲಗೆ ಹತ್ತುತ್ತಾರೋ ಇಲ್ಲವೋ ಎಂಬುದನ್ನು ನೋಡಲು ಅವರಿಗೆ ಪುರುಸೊತ್ತಿರಲಿಲ್ಲ. ಯಲ್ಲಾಪುರದ ಹುಡುಗಿಗೆ ಅವರ ಕೈಯಿಂದ ಒಂದು ಗೋಡೆ ಗಡಿಯಾರ ಸಿಕ್ಕಿತು. ಅವಳು ಅದನ್ನು ಹಿಡಿದುಕೊಂಡು ವೇದಿಕೆಯಿಂದ ಇಳಿಯುವಾಗ ನೇರ ನನ್ನ ಬಳಿ ಬಂದಳು.

"ಮೇಡಂ, ಓಟ ಆಗ್ಲಿಲ್ಲಲ್ಲ?"

"ಆಗಿಲ್ಲ."

"ಮತ್ತೆ ಫಸ್ಟ್ ಹೇಗೆ?"

ಅತಿಥಿಗಳ ಕಾರು ಹೊರಟಿತು. ಸಭಿಕರಲ್ಲಿ ಅರ್ಧದಷ್ಟು ಜನ ಅದರ ಧೂಳಿನ ಹಿಂದೆಯೇ ಹೊರಟರು. ಕಾರ್ಯದರ್ಶಿಗಳು ಮೈಕಿನಲ್ಲಿ, "ಇದೀಗ ಓಟದ ಪ್ರದರ್ಶನ" ಎಂದು ಸಾರಿದರು. ಊಟಕ್ಕೆ ಮುಂಚೆ ಸ್ಪರ್ಧೆಯಾಗಿದ್ದದ್ದು ಕೈತೊಳೆಯುವಷ್ಟರಲ್ಲಿ ಪ್ರದರ್ಶನವಾಗಿತ್ತು.

ಮೊದಲು ಪ್ರಥಮ ಬಹುಮಾನದ ಯಂತ್ರ. ಹೊರೆಯ ಸಮೇತ ಹತ್ತಬೇಕೆಂಬ ನಿಯಮವಿದ್ದುದರಿಂದ ತೊಟ್ಟಿಗೆ ನೀರು ತುಂಬಿಸಿದರು. ಗುಂಯ್ ಎಂದು ಏರಿತು, ಕೆಂಪು ಗೆರೆಯ ಮೇಲೆ ನಿಂತಿತು, ಚಪ್ಪಾಳೆ ಬಿತ್ತು. ಚಪ್ಪಾಳೆ ಮುಗಿಯುವ ಮೊದಲೇ ಅದು ಹಿಂದಕ್ಕೆ ಜಾರತೊಡಗಿತು. ತರಬೇತುದಾರರು ಕೈಚಾಚಿದರೂ ಸಿಗಲಿಲ್ಲ. ಹಲಗೆಯ ಅಂಚಿನಿಂದ ಉರುಳಿ ಬಿದ್ದು, ಮುಂದಿನ ಸಾಲಿನಲ್ಲಿ ಉಳಿದಿದ್ದ ಸಂಘದ ಪದಾಧಿಕಾರಿಗಳಿಗೆ ಸಮೃದ್ಧವಾಗಿ ಸಿಂಪಡಿಸಿತು. ಯಂತ್ರ ತಾನು ಹೇಳಿದ ಕೆಲಸವನ್ನು ಮಾಡಿ ತೋರಿಸಲಿಲ್ಲವೆಂದು ಯಾರೂ ಹೇಳುವಂತಿರಲಿಲ್ಲ.

ನಡುವೆ ಓಡಿದ ಬೇರೆ ಯಾವ ಯಂತ್ರವೂ ತುದಿ ಮುಟ್ಟಲಿಲ್ಲ. ಆಮೇಲೆ ಮರದ ಲಾರಿ. ಹುಡುಗಿ ಅದರ ಬೆನ್ನ ಮೇಲೆ ಆ ಕಲ್ಲನ್ನೇ ಹೊರೆಯಾಗಿ ಹೇರಿದಳು. ಅದು ನಿಧಾನವಾಗಿ, ಏದುಸಿರು ಬಿಡುವ ಸದ್ದಿನಲ್ಲಿ ಹತ್ತಿತು. ಗೆರೆಯ ಮೇಲೆ ನಿಂತಿತು. ಕೂದಲೆಳೆಯಷ್ಟು ಹಿಂದೆ ಸರಿಯಿತು. ಟಕ್ಕೆಂದು ಮರದ ತುಂಡು ಗಾಲಿಯ ಕೆಳಗೆ ಬಿತ್ತು. ಲಾರಿ ನಿಂತಿತು. ಗಂಟೆ ಬಾರಿಸಬೇಕಾದವರು ಅದನ್ನೇ ನೋಡುತ್ತ ಬಾರಿಸಲು ಮರೆತರು. ಅದು ನಿಂತೇ ಇತ್ತು. ಕೊನೆಗೆ ಗಂಟೆಯಾಯಿತು, ತುಂಡು ಮೇಲೆದ್ದಿತು, ಲಾರಿ ತುದಿ ಮುಟ್ಟಿತು.

ಅವಳು ಕುಣಿಯಲಿಲ್ಲ. ಮಾಸ್ತರರ ಕುರ್ಚಿಯ ಮುಂದೆ ಹೋಗಿ ನಿಂತು ಕೇಳಿದಳು: "ಸರ್, ಈಗ ನನ್ನ ಓಟಕ್ಕೆ ಎಷ್ಟು ಮಾರ್ಕ್ಸ್?"

ಮಾಸ್ತರರು ಎದ್ದು ನಿಂತರು. ಹಲಗೆಯ ಬಳಿ ಹೋಗಿ ಆ ಮರದ ತುಂಡನ್ನು ಬೆರಳಿನಿಂದ ಎತ್ತಿ ನೋಡಿದರು. "ಆನು ಅಂದಾಜು ಮಾಡಿದ್ದು ತಪ್ಪಾತು, ಮಗಾ" ಎಂದರು. ದನಿ ನಿಜವಾಗಿಯೂ ನೊಂದಿತ್ತು. ಆ ಕ್ಷಣದಲ್ಲಿ ನನಗೆ ಅವರ ಮೇಲೆ ಗೌರವ ಮೂಡಿತು. ಬಾಳಿಕೆ ಬರಲಿಲ್ಲ.

"ಹಾಗಾದರೆ ಅಂಕ ತಿದ್ದಿ, ಸರ್" ಎಂದೆ. "ಕೂಡುವುದಕ್ಕೆ ನಿಮಿಷ ಸಾಕು."

ಅವರು ಕಾರ್ಯದರ್ಶಿಗಳ ಕಡೆ ನೋಡಿದರು. ಕಾರ್ಯದರ್ಶಿಗಳು ಶಾಲಿನಿಂದ ಮುಖದ ನೀರು ಒರೆಸಿಕೊಳ್ಳುತ್ತ, "ಗೆಸ್ಟ್ ಕೈಯಾರೆ ಕೊಟ್ಟದ್ದನ್ನ ವಾಪಸ್ ತಗೊಂಡ್ರೆ ಅವರಿಗೆ ಅವಮಾನ ಅಲ್ವಾ? ಮುಂದಿನ ವರ್ಷ ಯಾರು ಬರ್ತಾರೆ?" ಎಂದರು. ಉಪನ್ಯಾಸಕರು ಚೀಲ ಹೆಗಲಿಗೇರಿಸಿ, "ನಾ ಏನ್ ಹೇಳ್ಲಿ ಬಿಡ್ರಿ, ಬಸ್ಸಿಗೆ ಹೊತ್ತಾತು" ಎಂದು ಬಾಗಿಲು ದಾಟಿದರು. ಮಾಸ್ತರರು ಕನ್ನಡಕ ತೆಗೆದು, ಈ ಬಾರಿ ಶುದ್ಧ ಸಭಾ ಕನ್ನಡದಲ್ಲಿ, "ತೀರ್ಪುಗಾರರ ನಿರ್ಣಯವೇ ಅಂತಿಮ" ಎಂದರು. ತಪ್ಪನ್ನು ಮನೆಮಾತಿನಲ್ಲಿ ಒಪ್ಪಿಕೊಂಡು, ತೀರ್ಪನ್ನು ಸಭೆಯ ಭಾಷೆಯಲ್ಲಿ ಉಳಿಸಿಕೊಂಡರು. ಭಾಷೆ ನೋಡಲು ಕರೆಸಿಕೊಂಡವಳು ನಾನು. ಅದನ್ನು ಮಾತ್ರ ಸರಿಯಾಗಿ ನೋಡಿದೆ.

ರಾಜ್ಯ ಮಟ್ಟಕ್ಕೆ ನುಣುಪು ಯಂತ್ರವೇ ಹೋಯಿತು.

ಅವಳು ತನ್ನ ಲಾರಿಯನ್ನು ಒಂದು ಚೀಲದಲ್ಲಿ ಹಾಕಿಕೊಂಡಳು. ಕಲ್ಲನ್ನೂ ಬಿಡಲಿಲ್ಲ. ಆಮೇಲೆ ಗೋಡೆ ಗಡಿಯಾರವನ್ನು ತಂದು ಕಾರ್ಯದರ್ಶಿಗಳ ಮೇಜಿನ ಮೇಲೆ, ಮುಖ ಮೇಲಾಗಿ, ಇಟ್ಟಳು.

"ಸರ್, ಇದನ್ನ ಗೆಸ್ಟ್ ಅವರಿಗೆ ಕೊಟ್ಬಿಡಿ. ಅರ್ಜೆಂಟ್ ಇದ್ದದ್ದು ಅವರಿಗೆ."

 ನನಗೆ, ಒಪ್ಪಿಕೊಳ್ಳುತ್ತೇನೆ, ಅದಕ್ಕಿಂತ ಹರಿತವಾದ ವಾಕ್ಯ ಈವರೆಗೆ ಹೊಳೆದಿಲ್ಲ.

ಅಂದಿನಿಂದ ನಾನು ಸಂಘವನ್ನು ಕೇಳುತ್ತಿರುವುದು ಒಂದೇ ಪ್ರಶ್ನೆ: ನಡೆಯದ ಓಟಕ್ಕೆ ಅಂಕ ಕೊಟ್ಟವರು ಅದನ್ನು ಆ ಹುಡುಗಿಯ ಮುಂದೆ ಸಾರ್ವಜನಿಕವಾಗಿ ಹೇಳುವುದು ಯಾವಾಗ, ಮತ್ತು ಅವಳಿಗೆ ತಪ್ಪಿಸಿದ ಜಾಗದ ಬದಲು ಯಾವ ಕಾರ್ಯಾಗಾರದ ಬಾಗಿಲು ತೆರೆಸಿಕೊಡುವುದು? ಅವಳೀಗ ಯಲ್ಲಾಪುರದಲ್ಲಿ ಪಿಯುಸಿ ಓದುತ್ತಿದ್ದಾಳೆ. ಘಟ್ಟದಲ್ಲಿ ಕ್ಲೀನರುಗಳು ಈಗಲೂ ಹಾರಿ ಇಳಿದು ಕಲ್ಲು ಕೊಡುತ್ತಿದ್ದಾರೆ.

ಮೊನ್ನೆ ಮತ್ತೆ ಸಂಘದ ಕಚೇರಿಗೆ ಹೋದೆ. ಗಡಿಯಾರವನ್ನು ಅತಿಥಿಗಳಿಗೆ ಕಳಿಸಿರಲಿಲ್ಲ. ಕಾರ್ಯದರ್ಶಿಗಳ ಕುರ್ಚಿಯ ಹಿಂದಿನ ಗೋಡೆಗೇ ತೂಗುಹಾಕಿದ್ದರು. ಸಮಯವನ್ನು ಸರಿಯಾಗಿಯೇ ತೋರಿಸುತ್ತಿತ್ತು.

"ಕೂತ್ಕೊಳ್ಳಿ ಮೇಡಂ" ಎಂದು ಕಾರ್ಯದರ್ಶಿಗಳು ಗೋಡಂಬಿಯ ತಟ್ಟೆಗೆ ಕೈ ಹಾಕಿದರು. "ನಿಮ್ಮ ವಿಷಯ ಕಮಿಟಿಯಲ್ಲಿ ಇಡ್ತೇವೆ. ಅವಸರ ಎಂತದು?"

ನಾನು ಗಡಿಯಾರಕ್ಕೆ ಎದುರಿನ ಕುರ್ಚಿಯನ್ನು ಎಳೆದುಕೊಂಡು ಕುಳಿತೆ. ಕಮಿಟಿ ಬರುವವರೆಗೆ ಏಳುವುದಿಲ್ಲವೆಂದು ಹೇಳಿದೆ. ಗೋಡಂಬಿ ಮುಟ್ಟಲಿಲ್ಲ.