ಬಿಸಿಲಿಗೆ ಕೂರಿಸಿದ ಪಿ.ಟಿ. ಮೇಡಂ

ನಮ್ಮ ಪಿ.ಟಿ. ಮೇಡಂ ಕೈಗಡಿಯಾರ ಬಿಚ್ಚಿದರೆ ಮಣಿಕಟ್ಟಿನಲ್ಲಿ ಬಳೆಯಷ್ಟಗಲ ಬಿಳಿ ಗುರುತು ಕಾಣುತ್ತಿತ್ತು. ಉಳಿದ ಕೈಯೆಲ್ಲ ಶಹಾಪುರದ ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು. ಅದನ್ನು ಮುಚ್ಚಿಕೊಳ್ಳಬೇಕೆಂದು ಅವರಿಗೆ ಎಂದೂ ಅನ್ನಿಸಲಿಲ್ಲ. ಕೆಟ್ಟದ್ದು ಮಾಡಿದವರನ್ನು ಮರೆಯಬೇಕೆಂದೂ ಅನ್ನಿಸಲಿಲ್ಲ. "ಸಿಟ್ಟು ಬಾಯಿಗಿ ತರಬ್ಯಾಡ, ಕಾಲಿಗಿ ಇಳಸು" ಎನ್ನುತ್ತಿದ್ದರು.

ನಾನು ಕಾಲೇಜಿಗೆಂದು ಸೋದರತ್ತೆಯ ಮನೆಯಲ್ಲಿದ್ದೆ, ಖೋ ಖೋ ಆಡುತ್ತಿದ್ದೆ. ಒಮ್ಮೆ ಕಂಬ ತಿರುಗುವಾಗ ಎಡ ಹಿಮ್ಮಡಿಯ ಮೇಲಿನ ನರಕ್ಕೆ ಪೆಟ್ಟಾಯಿತು. ಡಾಕ್ಟರು ಅದನ್ನು ಸ್ನಾಯುರಜ್ಜು ಎಂದರು, ಸ್ವಲ್ಪ ಹರಿದಿದೆ ಎಂದರು. ಅತ್ತೆಗೆ ಅದೇ ಬೇಕಿತ್ತು. ನನ್ನನ್ನು ತನ್ನ ಮಗನಿಗೆ ತಂದುಕೊಳ್ಳುವ ಆಸೆ ಅವಳಿಗೆ, ಅದಕ್ಕೂ ಮೊದಲು ನನ್ನ ಬಣ್ಣ ತಿಳಿಯಾಗಬೇಕು. ಕಿಟಕಿಗೆ ಪರದೆ ಇಳಿಯಿತು. ಹೊರಗೆ ಹೊರಟರೆ ಮುಖಕ್ಕೆ ಸ್ಕಾರ್ಫ್, ಕೈಗೆ ಗ್ಲೌಸ್. ಐದು ತಿಂಗಳಾದರೂ ನೋವು ಹೋಗಲಿಲ್ಲ. ಈ ಸಲ ಯಾದಗಿರಿಯ ಜಿಲ್ಲಾ ತಂಡದಲ್ಲಿ ಹೆಸರು ಬರದಿದ್ದರೆ ಮದುವೆ ಎಂದು ಅತ್ತೆ ಅಪ್ಪನಿಂದ ಮಾತು ತೆಗೆದುಕೊಂಡಳು.

ಮೇಡಂ ನನ್ನನ್ನು ಯಾದಗಿರಿಗೆ ಎಲುಬಿನ ಡಾಕ್ಟರ ಹತ್ತಿರ ಕರೆದೊಯ್ದರು. ರಕ್ತ ತೆಗೆಸಿ ನೋಡಿದರೆ ವಿಟಮಿನ್ ಡಿ ತಳ ಕಂಡಿತ್ತು.

"ಇದೊಂದೇ ಕಾರಣ ಅನ್ನಂಗಿಲ್ಲ. ಆದ್ರ ಇಷ್ಟು ಕಮ್ಮಿ ಇದ್ರ ನರ ಮಾಯೂದು ತಡ ಆಗಬಹುದು" ಎಂದರು ಡಾಕ್ಟರು. ವಾರಕ್ಕೊಮ್ಮೆ ಹಾಲಿನಲ್ಲಿ ಪುಡಿ, ದಿನಾ ಸ್ವಲ್ಪ ಬಿಸಿಲು, ಹಿಮ್ಮಡಿ ನಿಧಾನ ಎತ್ತಿ ಇಳಿಸುವ ವ್ಯಾಯಾಮ.

ಅತ್ತೆ ನಕ್ಕಳು. "ನಮ್ಮೂರಾಗ ಬಿಸಿಲಿಗೂ ಬರ ಬಂದದೇನು?"

ಮೇಡಂ ಮರುದಿನ ಹತ್ತೂವರೆಗೆ ಬಂದು ನನ್ನನ್ನು ಅತ್ತೆಯ ಮನೆಯ ಕಟ್ಟೆಯ ಮೇಲೆಯೇ ಕೂರಿಸಿದರು, ಅಂಗಿಯ ತೋಳು ಮಡಚಿಸಿ, ಓಣಿಯೆಲ್ಲ ನೋಡುವಂತೆ. ಆಮೇಲೆ ಅದೇ ಮೆಟ್ಟಿಲ ಮೇಲೆ ಹಿಮ್ಮಡಿ ವ್ಯಾಯಾಮ. ಹಾದುಹೋಗುವ ಹೆಂಗಸರು ಅತ್ತೆಯನ್ನು ಕೇಳುತ್ತಿದ್ದರು, "ಯಾಕ್ರಿ, ಹುಡುಗಿನ್ನ ಹಪ್ಪಳದಂಗ ಒಣಗ ಹಾಕೀರಿ?" ಅತ್ತೆಯ ಮುಖ ಕಿವುಚಿಕೊಳ್ಳುವುದನ್ನು ನೋಡುವ ಆಸೆಗೇ ನಾನು ಒಂದು ದಿನವೂ ತಪ್ಪಿಸಲಿಲ್ಲ. ಕಾಲು ಮಾಯುತ್ತ ಬಂತು. ತಂಡದಲ್ಲಿ ಹೆಸರು ಬಂದ ದಿನ ಆ ಪಟ್ಟಿಯನ್ನು ಅತ್ತೆಯೆದುರು ಎರಡು ಸಲ ಓದಿದೆ. ಎರಡನೆಯದು ಮೇಡಂ ಹೇಳಿದ್ದಕ್ಕೆ.

ಹೋದ ವರ್ಷ ಮೇಡಂ ಎದೆನೋವಿನಿಂದ ತೀರಿಕೊಂಡರು. ಸುರಪುರದ ಅವರ ಮನೆಗೆ ಹೋಗಿದ್ದೆ. ಅಲ್ಲಿ ಒಬ್ಬ ಹುಡುಗಿ ನನ್ನ ಸೆರಗು ಜಗ್ಗಿದಳು. ಅತ್ತೆಯ ಸೊಸೆ, ನನಗಾಗಿ ಇಟ್ಟಿದ್ದ ಜಾಗಕ್ಕೆ ಬಂದವಳು. ಅವಳ ತವರು ಮೇಡಂ ಮನೆಯ ಓಣಿಯಲ್ಲೇ, ಸಾವಿನ ಮನೆಗೆಂದು ಒಂದು ದಿನದ ಮಟ್ಟಿಗೆ ಕಳಿಸಿದ್ದರು. ಅವಳ ಬಲಗೈ ಹೆಗಲಿಗಿಂತ ಮೇಲೆ ಏಳುತ್ತಿರಲಿಲ್ಲ.

"ಅಕ್ಕಾ, ಆರು ತಿಂಗಳಾತು. ರೊಟ್ಟಿ ಬಡಿಯಾಕ ಬರವಲ್ದು. ಅತ್ತಿ ನಾಟಕ ಅಂತಾರ, ಹೊರಗ ಬಿಡಂಗಿಲ್ಲ."

ಮೊದಲು ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಅತ್ತೆಯ ಒಲೆ ಆರಲಿ ಅನ್ನಿಸಿತು. ಆಮೇಲೆ ಈ ಹುಡುಗಿಯ ಪೇಲವ ಮುಖ ನೋಡಿದೆ. ಆ ಹೆಂಗಸಿನ ಮೇಲೆ ಹಳೆಯದಕ್ಕಿಂತ ದೊಡ್ಡ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಶಹಾಪುರದ ಆ ಬಾಗಿಲಲ್ಲಿ ಸ್ಕೂಟಿ ನಿಲ್ಲಿಸಿದೆ.

"ಯಾಕ ಬಂದೀದಿ?" ಎಂದಳು ಅತ್ತೆ.

"ನಿನ್ನ ಸೊಸಿನ್ನ ಯಾದಗಿರಿಗಿ ಕರಕೊಂಡು ಹೋಗಾಕ. ಡಾಕ್ಟರಿಗಿ ತೋರಸ್ತೀನಿ."

"ಆಕಿ ಬರಂಗಿಲ್ಲ" ಎಂದು ಅತ್ತೆ ಹೊಸ್ತಿಲಿಗೆ ಅಡ್ಡ ನಿಂತಳು. ಸೊಸೆ ಒಳಗಿನಿಂದ ಬಂದು, ಎಡಗೈಯಿಂದ ಅವಳನ್ನು ಸರಿಸಿ, ಗಾಡಿ ಹತ್ತಿದಳು. ನೋಡಲು ಮೇಡಂ ಇರಬೇಕಿತ್ತು.