ಕೊನೆಯ ಪುಟದಿಂದ ಓದಿದವರು

ಉಚಿತ ಕಾನೂನು ನೆರವಿನ ಕಚೇರಿಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾಗುತ್ತಿರುವ ಈ ಹಿರಿಯ ವಕೀಲೆಯವರಿಗೆ ಮರಣದಂಡನೆಯ ಮೇಲ್ಮನವಿಗಳ ಕ್ಷೇತ್ರದಲ್ಲಿ ಯಾವ ಸ್ಥಾನವಿದೆಯೆಂದು ಕೇಳಿದರೆ, ಅವರೆದುರು ಸೋತ ಸರ್ಕಾರಿ ವಕೀಲರೇ ಎದ್ದುನಿಂತು ಉತ್ತರ ಹೇಳಿಯಾರು. ಅಂಥವರನ್ನು ಕಚೇರಿಯವರು ಕರೆಯುತ್ತಿದ್ದುದು ಮಾತ್ರ ‘ಉಲ್ಟಾ ಮೇಡಂ’ ಎಂದು. ಯಾವ ಕಡತವನ್ನೇ ಆಗಲಿ, ಅವರು ಕೊನೆಯ ಪುಟದಿಂದಲೇ ಓದಲು ತೊಡಗುತ್ತಿದ್ದರು.

ಈ ಪದ್ಧತಿ ಸುಮ್ಮನೆ ಬಂದದ್ದಲ್ಲ. ಸೇವೆಗೆ ಸೇರಿದ ಹೊಸತರಲ್ಲಿ, ತೀರ್ಪಿನ ಗತ್ತಿಗೆ ಮರುಳಾಗಿ, ಅವರು ಒಂದು ಕಡತದ ಹಿಂಬದಿಯ ಚೀಟಿಗಳನ್ನು ಮುಟ್ಟಿರಲಿಲ್ಲ. ಕೊಲೆಯಾದ ದಿನ ಆರೋಪಿ ಆಸ್ಪತ್ರೆಯಲ್ಲಿ ಮಲಗಿದ್ದನೆಂಬ ಚೀಟಿ ಅಲ್ಲೇ ಇತ್ತು. ಅದು ಕಣ್ಣಿಗೆ ಬೀಳುವಷ್ಟರಲ್ಲಿ ಅವನನ್ನು ಗಲ್ಲಿಗೇರಿಸಿಯಾಗಿತ್ತು. ಈ ತಪ್ಪನ್ನು ಅವರು ಮುಚ್ಚಿಡಲಿಲ್ಲ. ಹೊಸದಾಗಿ ಬಂದ ಪ್ರತಿ ಕಿರಿಯ ವಕೀಲರಿಗೂ ತಾವೇ ಹೇಳುತ್ತಿದ್ದರು.

ಆಮೇಲೆ ಬಂದದ್ದು ಗೋಡೆಗೆ ಬಣ್ಣ ಬಳಿಯುವವನೊಬ್ಬನ ಮೊಕದ್ದಮೆ. ಕೆಲಸ ಮಾಡುತ್ತಿದ್ದ ಮನೆಯ ಒಡತಿಯನ್ನು ಕೊಂದನೆಂಬ ಆರೋಪ, ರಕ್ತ ಮೆತ್ತಿದ ಅಂಗಿಯೊಂದೇ ಸಾಕ್ಷ್ಯ. ವಿಚಾರಣೆಯ ಬೆಳಿಗ್ಗೆಯಷ್ಟೇ ಅವನ ಪರವಾಗಿ ನೇಮಕವಾದ ವಕೀಲ ಮಹಾಶಯರು ಒಂದೇ ಒಂದು ಪ್ರಶ್ನೆ ಕೇಳದೆ ಅವನಿಗೆ ಮರಣದಂಡನೆ ಕೊಡಿಸಿ ಕೈತೊಳೆದುಕೊಂಡಿದ್ದರು. ಅವನ ಅಕ್ಕ ಬಂದು, “ನನ್ನ ತಮ್ಮ ಇರುವೆ ತುಳಿದ್ರೂ ಒದ್ದಾಡೋನು ಮೇಡಂ” ಎಂದಳು.

“ಅದನ್ನೆಲ್ಲ ಕೋರ್ಟು ಕೇಳಲ್ಲಮ್ಮ. ಕಾಗದ ಏನು ಹೇಳುತ್ತೆ ನೋಡೋಣ, ಕೂತ್ಕೋ” ಎಂದು ಮೇಡಂ ಕಡತವನ್ನು ಬೋರಲು ಹಾಕಿದರು.

ಅಬ್ಬಾ, ಮೂರನೆಯ ಹಾಳೆಯಲ್ಲೇ ಸಿಕ್ಕಿತು! ಅಂಗಿ ಪ್ರಯೋಗಾಲಯ ತಲುಪಿದ್ದು ಒಂಬತ್ತನೆಯ ತಾರೀಕು. ಪೊಲೀಸರು ಅದನ್ನು ಅವನ ಮನೆಯಲ್ಲಿ ‘ಪತ್ತೆಹಚ್ಚಿದ್ದು’ ಹನ್ನೊಂದಕ್ಕೆ.

ಬರೆಯುವಾಗ ಕೈತಪ್ಪಿರಬಹುದೆಂದು ಸರ್ಕಾರಿ ವಕೀಲರು ನುಣುಚಿಕೊಳ್ಳಲು ನೋಡಿದರು. ಬಿಟ್ಟಾರೆಯೇ ನಮ್ಮ ಮೇಡಂ! ಪ್ರಯೋಗಾಲಯದ ಮೂಲ ರಿಜಿಸ್ಟರನ್ನೇ ತರಿಸಿ, ಅಂಗಿಯದಕ್ಕೆ ಹಿಂದಿನ ನಮೂದೂ ಮುಂದಿನ ನಮೂದೂ ಒಂಬತ್ತರದ್ದೇ ಎಂದು ನ್ಯಾಯಮೂರ್ತಿಗಳಿಗೆ ಬೆರಳಿಟ್ಟು ತೋರಿಸಿದರು. ಶಿಕ್ಷೆ ರದ್ದಾಯಿತು. ಹನ್ನೊಂದು ವರ್ಷದ ಮೇಲೆ ಹೊರಬಂದ ತಮ್ಮನ ಬೆನ್ನಿಗೆ ಜೈಲಿನ ಬಾಗಿಲಲ್ಲೇ ಗುದ್ದಿ, “ಎಷ್ಟು ಸೊರಗಿದ್ದೀಯೋ ಮಂಕೇ!” ಎಂದು ಅಕ್ಕ ಅತ್ತಳು. ಪಕ್ಕದಲ್ಲಿದ್ದ ಮೇಡಂ ಕೂಡ ನಾಚಿಕೆಯಿಲ್ಲದೆ ಅತ್ತರು.

ಹೀಗೆ ಅವರು ನೇಣಿನಿಂದ ಬಿಡಿಸಿ ಮನೆಗೆ ಕಳಿಸಿದವರು ಏಳು ಜನ. ಮೊನ್ನೆ ಬೀರುವಿನ ಬೀಗದಕೈ ಒಪ್ಪಿಸುವಾಗ ಇನ್ನೂ ತೀರ್ಮಾನವಾಗದ ಎರಡು ಮರಣದಂಡನೆ ಮೊಕದ್ದಮೆಗಳ ನಕಲುಗಳನ್ನು ಮಾತ್ರ ಕಂಕುಳಲ್ಲಿ ಇಟ್ಟುಕೊಂಡರು. “ನಿವೃತ್ತಿ ಆಯ್ತಲ್ಲ ಮೇಡಂ?” ಎಂದರೆ, “ನನಗಾಯ್ತು, ಅವರ ಶಿಕ್ಷೆಗೆ ಆಗಿಲ್ವಲ್ಲ!” ಎಂದರು.

ಅವರಿಗೆ ನೂರು ವರ್ಷ ಆಯುಸ್ಸಿರಲಿ, ಕಣ್ಣು ಚುರುಕಾಗಿರಲಿ ಎಂದು ಸಹೋದ್ಯೋಗಿಗಳೆಲ್ಲರೂ ಮನಸಾರೆ ಹಾರೈಸುತ್ತಾರೆ. ಆದರೆ ಅವರು ಬದುಕಿರಲೆಂದು ಎಲ್ಲರಿಗಿಂತ ಹೆಚ್ಚು ಬೇಡಿಕೊಳ್ಳುತ್ತಿರುವ ಇಬ್ಬರು ಈ ಬೀಳ್ಕೊಡುಗೆ ಸಮಾರಂಭಕ್ಕೆ ಬರುವಂತಿಲ್ಲ.